ಅತ್ತೆಯ ಕಾಲಡಿಯ ಬ್ರೇಕು

ಅತ್ತೆ ಇಪ್ಪತ್ತಾರು ವರ್ಷಗಳಿಂದ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ, ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತವಳು. ಅವಳ ಕಾಲಡಿಯಲ್ಲೂ ಒಂದು ಬ್ರೇಕಿದೆ. ಎದುರಿಗೆ ಲಾರಿ ಬರಲಿ, ನಾಯಿ ಅಡ್ಡ ಬರಲಿ, ಮುಖದ ಒಂದು ಗೆರೆಯೂ ಅಲುಗುವುದಿಲ್ಲ. ಎಲ್ಲವೂ ಹಣೆಯಲ್ಲಿ ಬರೆದಂತೆಯೇ ಆಗುತ್ತದೆ ಎಂಬುದು ಅವಳ ನಂಬಿಕೆ. ಹಾಗಂತ ಕಲಿಯಲು ಬಂದವರಿಂದ ನಲವತ್ತು ಸಲ ರಿವರ್ಸ್ ಹಾಕಿಸದೆ ಬಿಡುವವಳೂ ಅಲ್ಲ.

ಇವೆರಡೂ ಒಂದೇ ತಲೆಯಲ್ಲಿ ಹೇಗೆ ಹಿಡಿಸುತ್ತವೆ ಎಂಬುದು ಅವಳ ಅಣ್ಣನ ಮಗನಿಗೆ ಬಗೆಹರಿದಿರಲಿಲ್ಲ. ಅವನು ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಚುವವನು. ನಾಲ್ಕು ಮೂಲೆ ಸೇರಿಸುವುದರಲ್ಲಿ ಎತ್ತಿದ ಕೈ; ಉಳಿದಂತೆ ಹೇಳಿಕೊಳ್ಳುವಂಥದ್ದೇನಿಲ್ಲ. ಲಾಂಡ್ರಿಯ ವ್ಯಾನ್ ಡ್ರೈವರ್ ತಿಂಗಳ ಕೊನೆಗೆ ಕೆಲಸ ಬಿಡುವವನಿದ್ದ. ಅಷ್ಟರೊಳಗೆ ಲೈಸೆನ್ಸ್ ತಂದರೆ ವ್ಯಾನು ನಿನಗೇ ಎಂದಿದ್ದರು ಸೂಪರ್‌ವೈಸರ್. ಮೂರು ವರ್ಷ ಇಸ್ತ್ರಿಯ ಆವಿಯಲ್ಲಿ ಬೆಂದವನಿಗೆ, ಕಿಟಕಿಯಿರುವ ಕೆಲಸವೆಂದರೆ ಸ್ವರ್ಗಕ್ಕೆ ಮೂರೇ ಗೇಣು. ಆದರೆ ಅತ್ತೆಯ ಹತ್ತಿರವೇ ಕಲಿತೂ ಟೆಸ್ಟಿನಲ್ಲಿ ಆಗಲೇ ಮೂರು ಸಲ ಫೇಲಾಗಿದ್ದ. ಮೂರು ಸಲವೂ ಒಂದೇ ಜಾಗದಲ್ಲಿ: ನಿಲ್ಲಿಸಬೇಕಾದ ಬಿಳಿ ಗೆರೆಯನ್ನು ಕಾರು ನಿಶ್ಚಿಂತೆಯಿಂದ ದಾಟಿ ಹೋಗುತ್ತಿತ್ತು.

"ನನ್ನ ಹಣೇಲಿ ಬರೆದಿಲ್ಲ ಬಿಡು ಅತ್ತೆ," ಎಂದ, ಅವಳ ಅಡುಗೆಮನೆಯಲ್ಲಿ ಮೂರನೇ ಲೋಟ ಕಾಫಿ ಮುಗಿಸುತ್ತಾ. "ಎಲ್ಲಾ ಬರೆದಿರೋದೇ ಅಂತ ನೀನೇ ಹೇಳ್ತೀಯಲ್ಲ."

"ಬರೆದೇ ಇದೆ ಅಳಿಯಂದ್ರೇ. ಆದ್ರೆ ಕೊನೇ ಸಾಲೊಂದನ್ನೇ ಬರೆದಿರ್ತಾರಾ? ಇವನು ಪಾಸಾದ ಅಂತ ಇದ್ರೆ, ಅದಕ್ಕೆ ಮುಂಚೆ ಇವನು ಮೈ ಬಗ್ಗಿಸಿ ಕಲಿತ ಅಂತಾನೂ ಇರುತ್ತೆ. ಆ ಸಾಲಿಗೆ ನಿನ್ನ ಕೈಕಾಲೇ ಬೇಕು."

"ಫೇಲ್ ಅಂತ ಬರೆದಿದ್ರೆ?"

"ನೀನು ಓದಿದ್ದೀಯಾ? ಇಲ್ವಲ್ಲ. ಮತ್ತೆ ಓದಿ ಬಂದವನ ಥರ ಯಾಕೆ ಮಾತಾಡ್ತೀಯ? ಅದಿರಲಿ, ಗೆರೆ ಹತ್ರ ಬಂದಾಗ ಏನು ಮಾಡ್ತೀಯ?"

ಅವನು ಯೋಚಿಸಿದ. "ಏನೂ ಮಾಡಲ್ಲ. ಅದೇ ನಿಲ್ಲುತ್ತಲ್ಲ."

ಹೇಳಿದ ಮೇಲೆ ಇಬ್ಬರ ಕಣ್ಣೂ ಅತ್ತೆಯ ಬಲಗಾಲಿನ ಮೇಲೆ ಬಿದ್ದವು. ನಾಲ್ಕು ತಿಂಗಳಿಂದ, ಗೆರೆ ಬಂದಾಗಲೆಲ್ಲ ಅವನಿಗಿಂತ ಒಂದು ಕ್ಷಣ ಮೊದಲೇ ಆ ಕಾಲು ಬ್ರೇಕು ಒತ್ತಿಬಿಡುತ್ತಿತ್ತು. ಅವನೋ, ತನ್ನ ಕಾಲಿನಲ್ಲಿ ಏನು ನಾಜೂಕಪ್ಪ ಎಂದು ಒಳಗೊಳಗೇ ಬೀಗುತ್ತಿದ್ದ. ಟೆಸ್ಟಿನ ದಿನ ಪಕ್ಕದಲ್ಲಿ ಕೂರುತ್ತಿದ್ದ ಇನ್ಸ್‌ಪೆಕ್ಟರಿಗೆ ಅಂಥ ಮಮತೆ ಎಲ್ಲಿಂದ ಬರಬೇಕು?

ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಇಷ್ಟು ದಿನ ನಿನ್ನ ಹಣೆಬರಹ ನನ್ನ ಕಾಲಲ್ಲಿತ್ತಲ್ಲೋ."

ಮರುದಿನದಿಂದ ಅವಳು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮೊದಲ ದಿನ ಕಾರು ಹಳೇ ಟೈರುಗಳ ರಾಶಿಗೆ ಮುತ್ತಿಟ್ಟಿತು. ಎರಡನೇ ದಿನ ಒಂದು ಖಾಲಿ ಡ್ರಮ್ಮು ಉರುಳಿತು. ಇಪ್ಪತ್ತಾರು ವರ್ಷ ಅಲುಗದ ಮುಖದ ಗೆರೆಗಳೆಲ್ಲ ಈಗ ಒಟ್ಟಿಗೇ ಕುಣಿಯುತ್ತಿದ್ದವು. ಕಾಲು ಮಾತ್ರ ಕೆಳಗಿಳಿಯಲಿಲ್ಲ. ಐದನೇ ದಿನ ಕಾರು ಗೆರೆಗೆ ಗೇಣು ದೂರದಲ್ಲಿ ನಿಂತಿತು. ನಿಲ್ಲಿಸಿದವನಿಗೇ ನಂಬಿಕೆ ಬರದೆ, ಇಳಿದು ಹೋಗಿ ನೋಡಿದ.

ಟೆಸ್ಟಿನ ದಿನ ಅತ್ತೆ ಬೇಲಿಯಾಚೆ ನಿಂತಳು. ಬಿಳಿ ಗೆರೆ ಬಂತು. ಕಾಯಲು ಇನ್ನೊಬ್ಬರ ಕಾಲಿರಲಿಲ್ಲ. ಅವನು ಒತ್ತಿದ. ಕಾರು ನಿಂತಿತು. ಇನ್ಸ್‌ಪೆಕ್ಟರ್ ತಲೆಯೆತ್ತದೆ, "ಅಂತೂ ಇವತ್ತು ನೆನಪಾಯ್ತು," ಎಂದು ಸಹಿ ಹಾಕಿದರು.

"ನಾನೇ ಒತ್ತಿದ್ದು ಅತ್ತೆ," ಎಂದ ಹೊರಗೆ ಬಂದು.

"ನೀನೇ ಒತ್ತಬೇಕು ಅಂತಾನೇ ಬರೆದಿತ್ತು."

"ಮತ್ತೆ ಮುಂಚೇನೇ ಹೇಳೋದಲ್ವಾ?"

"ನಂಗೂ ಓದೋಕೆ ಸಿಕ್ಕಿದ್ದು ನೀನು ಒತ್ತಿದ ಮೇಲೇನೇ."

ಯಾರು ಗೆದ್ದರೆಂದು ಇಬ್ಬರಿಗೂ ತಿಳಿಯಲಿಲ್ಲ. ನಗು ಮಾತ್ರ ಇಬ್ಬರದೂ ಗೆದ್ದವರದೇ. ಅತ್ತೆ ಮುಂದಿನ ಬಾಗಿಲು ಬಿಟ್ಟು, ತನ್ನ ಕಾರಿನಲ್ಲಿ ಮೊದಲ ಬಾರಿಗೆ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಳು.

"ಯಾವ ಕಡೆ ಹೋಗ್ಲಿ?"

"ನಿಂಗೆ ತೋಚಿದ ಕಡೆ," ಎಂದಳು. ಎರಡನೇ ತಿರುವು ಬರುವಷ್ಟರಲ್ಲಿ ಹಿಂದಿನಿಂದ ಗೊರಕೆ ಕೇಳಿಸಿತು.