ಸರೋಜವ್ವನ ಕಾಟಾಕ್ಕೆ ಹೊಸ ವಿಂಡೋಸ್ ಬಂತು

ಸರೋಜವ್ವನಿಗೆ ತನ್ನ ಕಾಟಾದ ಮೇಲೆ ಇದ್ದಷ್ಟು ಭರವಸೆ ಗಂಡನ ಮೇಲೂ ಇರಲಿಲ್ಲ. ಈ ಮಾತನ್ನು ಅವಳು ಗಂಡನ ಎದುರಿಗೇ ಹೇಳುತ್ತಿದ್ದಳು, ಪಾಪ, ಅವನೂ ನಗುತ್ತಿದ್ದ. ಶಿಗ್ಗಾಂವದಲ್ಲಿ ಹೈವೇ ಬಿಟ್ಟು ಪೇಟೆಯ ಕಡೆ ಹೊರಳುವ ಜಾಗದಲ್ಲಿ ಲಾರಿ, ಟ್ರ್ಯಾಕ್ಟರ್ ತೂಗುವ ಆ ಕಾಟಾ ಇದೆ. ಗಾಡಿ ನಿಲ್ಲಲು ಅಗಲವಾದ ಕಬ್ಬಿಣದ ಹಾಸು, ಪಕ್ಕದಲ್ಲಿ ಒಂದು ಕೋಣೆ, ಕೋಣೆಯ ಕಿಟಕಿಯಲ್ಲಿ ಸರೋಜವ್ವ. ಗಂಡ ಹೊಲ ನೋಡಿಕೊಳ್ಳುತ್ತಿದ್ದ, ಕಾಟಾ ಪೂರ್ತಿ ಅವಳದು. ತುಂಬಿದ ಗಾಡಿಯನ್ನು ಒಮ್ಮೆ ತೂಗಬೇಕು. ಮಾಲು ಇಳಿಸಿ ಬಂದ ಖಾಲಿ ಗಾಡಿಯನ್ನು ಇನ್ನೊಮ್ಮೆ ತೂಗಬೇಕು. ಅದರಲ್ಲಿ ಇದನ್ನು ಕಳೆದು ಕಂಪ್ಯೂಟರ್ ಚೀಟಿ ಕೊಡುತ್ತದೆ. ಸವಣೂರು, ಹಾನಗಲ್ ಕಡೆಯ ರೈತರು ದಾರಿಯಲ್ಲಿ ಸಿಗುವ ಬೇರೆ ಕಾಟಾಗಳನ್ನು ಬಿಟ್ಟು ಇಲ್ಲಿಗೇ ಬರುತ್ತಿದ್ದರು. ಸರೋಜವ್ವನ ಚೀಟಿ ನೋಡಿದ ಮೇಲೆ ಯಾವ ವ್ಯಾಪಾರಿಯೂ ಎರಡನೇ ಮಾತು ಆಡುತ್ತಿರಲಿಲ್ಲ.

ಅವಳು ಕಲಿತದ್ದು ಏಳನೆಯ ಇಯತ್ತೆ. ಕಂಪ್ಯೂಟರ್ ಬಂದ ಹೊಸದರಲ್ಲಿ ಒಂದೇ ಬೆರಳಿನಿಂದ ಕುಟ್ಟುತ್ತಿದ್ದಳು, ಈಗಲೂ ಒಂದೇ ಬೆರಳು, ಆದರೆ ಆ ಬೆರಳಿನ ವೇಗಕ್ಕೆ ಕಾಲೇಜು ಕಲಿತವರೂ ಸುಮ್ಮನಾಗುತ್ತಿದ್ದರು. ತೂಗುವಾಗ ಖರೀದಿದಾರ ಎಷ್ಟೇ ದೊಡ್ಡವನಿರಲಿ, ಕೋಣೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಎಲ್ಲರೂ ಕಿಟಕಿಯ ಹೊರಗೇ ನಿಲ್ಲಬೇಕು.

ಗೋವಿನಜೋಳದ ಸುಗ್ಗಿ ಶುರುವಾಗುವ ಹೊತ್ತಿಗೇ ಜಾಕೀರ ಬಂದ. ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ, ನಲವತ್ತು ದಾಟಿದ, ಮೆತ್ತಗೆ ಮಾತಾಡುವ ಮನುಷ್ಯ. ಹಳೆಯ ವಿಂಡೋಸ್ ಹತ್ತಕ್ಕೆ ಇನ್ನು ಮೇಲೆ ಕಂಪನಿಯವರು ಏನೂ ಕಳಿಸುವುದಿಲ್ಲ, ವೈರಸ್ಸು ಹೊಕ್ಕರೆ ಕೇಳುವವರಿಲ್ಲ, ಹನ್ನೊಂದಕ್ಕೆ ಏರಿಸಿಬಿಡೋಣ ಎಂದ. ಚೆನ್ನಾಗಿ ದುಡಿಯುತ್ತಿದ್ದ ಎತ್ತನ್ನು ಯಾಕೆ ಮಾರಬೇಕು ಎಂದು ಸರೋಜವ್ವ ಅವನ ಜೊತೆ ಅರ್ಧ ತಾಸು ಜಗಳಾಡಿದಳು. ಆಮೇಲೆ ಅವಳೇ ಸೋತು, ಅಮಾವಾಸ್ಯೆ ದಿನ ಪೇಟೆ ಬಂದ್ ಇರುತ್ತದೆ, ಅವತ್ತು ಮಾಡು ಎಂದಳು.

ಅಮಾವಾಸ್ಯೆಯ ಮಧ್ಯಾಹ್ನ ಅವಳು ವಿಂಡೋಸ್ ಹನ್ನೊಂದರ ಮುಂದೆ ಕೂತಳು. ಪರದೆಯ ತುಂಬ ನೀಲಿ ಬಣ್ಣದ ಏನೋ ಒಂದು ಅರಳಿತ್ತು, ಇಳಕಲ್ ಸೀರೆಯ ನೆರಿಗೆಯನ್ನು ಮುದ್ದೆ ಮಾಡಿ ಇಟ್ಟ ಹಾಗೆ. ಅದು ಅವಳಿಗೆ ಸೇರಿತು. ಆದರೆ ಇಷ್ಟು ವರ್ಷ ಎಡಗಡೆ ಮೂಲೆಯಲ್ಲಿ ಕೂತಿದ್ದ ಸ್ಟಾರ್ಟ್ ಬಟನ್ನು ಅಲ್ಲಿರಲಿಲ್ಲ! ಕೈ ಮಾತ್ರ ತಾನಾಗಿ ಅಲ್ಲಿಗೇ ಹೋಗುತ್ತಿತ್ತು, ಹೋದಾಗಲೆಲ್ಲ ಕಂಪ್ಯೂಟರ್ ಇವತ್ತು ಬಿಸಿಲು ಎಂದು ಹೇಳುತ್ತಿತ್ತು. ಬಿಸಿಲು ಅನ್ನುವುದು ಕಿಟಕಿಯಲ್ಲಿ ಕಾಣುವುದಿಲ್ಲವೇ, ಇದನ್ನು ಕೇಳಿದವರಾರು ಎಂದು ಗೊಣಗಿದಳು. ಪರದೆಯ ಮೇಲೆ ತೆರೆಯುವ ಎಲ್ಲ ಪೆಟ್ಟಿಗೆಗಳ ಮೂಲೆಗಳು ಸವೆದು ದುಂಡಗಾಗಿದ್ದವು. ಮೌಸಿನ ಬಲಗಡೆ ಒತ್ತಿದರೆ ಅರ್ಧ ಪಟ್ಟಿ ತೋರಿಸಿ, ಉಳಿದದ್ದು ಬೇಕಾದರೆ ಇನ್ನೊಮ್ಮೆ ಒತ್ತು ಅನ್ನುತ್ತಿತ್ತು.

"ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು? ಎಲ್ಲಾ ತಾನಾಗೇ ಹೊರಗ ಬರತೈತಿ," ಎಂದು ಹುಡುಕುವುದನ್ನು ಬಿಟ್ಟಳು. ಸಂಜೆಯ ಹೊತ್ತಿಗೆ ಲೆಕ್ಕ ಬೇರೆಯಾಗಿತ್ತು. ಒತ್ತಿದ ಕೂಡಲೇ ತೆರೆಯುತ್ತಿತ್ತು. ಮೊದಲು ಎರಡು ಏಟು ತಿಂದರೇ ಚೀಟಿ ಕೊಡುತ್ತಿದ್ದ ಪ್ರಿಂಟರ್ ಈಗ ಏಟಿಲ್ಲದೆ ಕೊಟ್ಟಿತು. ಸ್ಟಾರ್ಟ್ ಬಟನ್ನನ್ನು ಮತ್ತೆ ಎಡಕ್ಕೆ ಸರಿಸಿಕೊಡುತ್ತೇನೆ ಎಂದು ಜಾಕೀರ ಹೇಳಿದಾಗ ಸರೋಜವ್ವ ಬೇಡ ಎಂದಳು. ಅದು ನಡುವೆಯೇ ಕೂರಲಿ, ತಾನೂ ನಡುವೆ ಕೂರುವವಳೇ ಎಂದಳು.

ಮರುದಿನ ಮುಂಜಾನೆ ಪೂಜೆ. ಹೊಸದು ಬಂದ ಮೇಲೆ ಆರತಿ ಆಗದೆ ಮೊದಲ ತೂಕ ಹೇಗೆ ಮಾಡುವುದು? ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಕಾಟಾಕ್ಕೂ ಆರತಿ ಬೆಳಗಲು ಸರೋಜವ್ವ, ಮೈದುನನ ಹೆಂಡತಿಯಾದ ಅವಳ ನೆಗೆಣ್ಣಿ ನೀಲಾಂಬಿಕಾ, ಓಣಿಯ ಇನ್ನು ಮೂವರು ಮುತ್ತೈದೆಯರು ಕಬ್ಬಿಣದ ಹಾಸಿನ ನಡುವೆ ನಿಂತರು. ಒಳಗೆ ಜಾಕೀರ ತೂಕದ ಪ್ರೋಗ್ರಾಮ್ ತೆರೆದ. ಅವನ ಕಣ್ಣೆಲ್ಲ ಪರದೆಯ ಮೇಲೆ. ಗಾಡಿ ಒಂದೂ ಇಲ್ಲ, ಆದರೂ ಮೂರು ಕ್ವಿಂಟಲ್ ತೋರಿಸುತ್ತಿದೆ ಎಂದು ಅಲ್ಲಿಂದಲೇ ಕೂಗಿದ. ಸರೋಜವ್ವ ಆರತಿಯ ತಟ್ಟೆ ಹಿಡಿದುಕೊಂಡೇ, ಹೊಸದಲ್ಲವೇ, ತಬ್ಬಿಬ್ಬಾಗಿರಬೇಕು, ಸೊನ್ನೆ ಮಾಡು ಎಂದಳು. ಮಳೆ ನೀರು, ಮಣ್ಣು ಕೂತು ಹತ್ತಿಪ್ಪತ್ತು ಕಿಲೋ ಆಚೆ ಈಚೆ ಆಗುವುದು, ಸೊನ್ನೆ ಒತ್ತುವುದು ಅಲ್ಲಿ ದಿನದ ಕೆಲಸ. ಜಾಕೀರ ಒತ್ತಿದ.

ಹೆಂಗಸರು ಇಳಿದದ್ದೇ ತಡ, ಕಾದು ನಿಂತಿದ್ದ ತಡಸದ ಚನ್ನೇಶ ತನ್ನ ಟ್ರ್ಯಾಕ್ಟರ್ ಏರಿಸಿದ. ಆ ಕಡೆ ದಿನದ ಮೊದಲ ತೂಕಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಸರೋಜವ್ವ ಗಟ್ಟಿಯಾಗಿ ಲಾಭ ಎಂದು ಕೂಗಿ ತೂಕ ಹಿಡಿದಳು. ಅವನು ಇಳಿದು ಹೋದ ಮೇಲೆ ನೋಡಿದರೆ ಪರದೆಯ ಮೇಲೆ ಸೊನ್ನೆಗಿಂತ ಮೂರು ಕ್ವಿಂಟಲ್ ಕೆಳಗೆ! ಇನ್ನೂ ಇದರ ತಲೆ ತಿರುಗುವುದು ನಿಂತಿಲ್ಲ ಎಂದು ನಗುತ್ತ, ಈ ಸಲ ಅವಳೇ ಸೊನ್ನೆ ಒತ್ತಿದಳು. ಆಮೇಲೆ ಅದು ಅಲುಗಾಡಲಿಲ್ಲ. ಮಾಲು ಇಳಿಸಿ ಬಂದ ಚನ್ನೇಶನ ಖಾಲಿ ಗಾಡಿಯನ್ನೂ ತೂಗಿ ಚೀಟಿ ಕೊಟ್ಟಳು.

ಮಧ್ಯಾಹ್ನ ಚನ್ನೇಶ ಆ ಚೀಟಿ ಹಿಡಿದುಕೊಂಡು ಕಿಟಕಿಗೆ ಬಂದ. ಬೆನ್ನ ಹಿಂದೆಯೇ ಅವನ ಜೋಳ ಕೊಂಡ ವ್ಯಾಪಾರಿ ಪರಮೇಶಪ್ಪ. ಮನೆಯಲ್ಲಿ ಪ್ರತಿ ಚೀಲ ತೂಗಿಯೇ ತುಂಬಿದ್ದೆ, ಇಲ್ಲಿ ಮೂರು ಕ್ವಿಂಟಲ್ ಕಡಿಮೆ ಬಂದಿದೆ ಎಂದ ಚನ್ನೇಶ. ಮಾತು ಮೆತ್ತಗಿತ್ತು, ಮುಖ ಬಿಗಿದಿತ್ತು. ಜೋಳ ಆಗಲೇ ಪರಮೇಶಪ್ಪನ ರಾಶಿಯಲ್ಲಿ ಸುರಿದು ಬೆರೆತುಹೋಗಿತ್ತು. ಮತ್ತೆ ತೂಗಿ ನೋಡುವ ದಾರಿ ಇರಲಿಲ್ಲ.

ಸಾಲಿನಲ್ಲಿ ನಿಂತವರಿಗೆ ಅಷ್ಟೇ ಸಾಕಾಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮಂದಿ. ಹೊಸ ಕಂಪ್ಯೂಟರ್ ಜೋಳ ತಿನ್ನುತ್ತದಂತೆ ಎಂದು ಒಬ್ಬ, ಕಂಪನಿಯವರು ದಿಲ್ಲಿಯಲ್ಲಿ ಕೂತು ತೂಕ ಇಳಿಸುತ್ತಾರಂತೆ ಎಂದು ಇನ್ನೊಬ್ಬ. ಎರಡು ಟ್ರ್ಯಾಕ್ಟರುಗಳು ಸಾಲು ಬಿಟ್ಟು ಹೈವೇ ಕಡೆ ಹೊರಳಿದವು. ಅವು ಮರೆಯಾಗುವ ತನಕ ಸರೋಜವ್ವ ಕಿಟಕಿಯಿಂದ ನೋಡಿದಳು. ಕಾಟಾಕ್ಕೆ ಒಮ್ಮೆ ಕೆಟ್ಟ ಹೆಸರು ಬಂದರೆ ಮುಗಿಯಿತು, ಕಬ್ಬಿಣ ಎಷ್ಟು ಗಟ್ಟಿ ಇದ್ದರೇನು, ಯಾರೂ ಏರುವುದಿಲ್ಲ.

ಆದರೂ ಅವಳು ಹೆದರಿ ಕೂರುವ ಪೈಕಿ ಅಲ್ಲ. ತೂಗುವುದು ಕಾಟಾ, ಕಂಪ್ಯೂಟರ್ ಬರೀ ಓದಿ ಹೇಳುತ್ತದೆ, ನಿಮ್ಮ ಕಣ್ಣ ಮುಂದೆಯೇ ತೋರಿಸುತ್ತೇನೆ ಬರ್ರಿ ಎಂದು ಸೆರಗು ಸಿಗಿಸಿಕೊಂಡು ಹೊರಗೆ ಬಂದಳು. ನೀಲಾಂಬಿಕಾಳನ್ನು ಕಿಟಕಿಯಲ್ಲಿ ಕೂರಿಸಿ, ತಾನೇ ಹೋಗಿ ಹಾಸಿನ ನಡುವೆ ನಿಂತಳು. ಎಪ್ಪತ್ತು ಎಂದು ನೀಲಾಂಬಿಕಾ ಕೂಗಿದಳು. ಸರಿಯಾದ ತೂಕ. ಸರೋಜವ್ವನಿಗೆ ಗೆದ್ದ ಖುಷಿ. ನೀಲಾಂಬಿಕಾಳಿಗೆ ಚೇಷ್ಟೆ.

"ಅಯ್ಯ, ಮುಂಜಾನಿ ಆರತಿ ಹೊತ್ತಿಗೆ ಐದೂ ಮಂದಿ ಅಲ್ಲೇ ನಿಂತಿದ್ವಲ್ಲ, ಆಗ ನೋಡಿದ್ರ ಮೂರ್ ಕ್ವಿಂಟಲ್ ಆಗ್ತಿತ್ತ ನೋಡಕ್ಕ," ಎಂದು ನಕ್ಕಳು.

ಸರೋಜವ್ವ ನಗಲಿಲ್ಲ. ಜಾಕೀರ ಕೂಗಿದ್ದು, ತಾನು ಸೊನ್ನೆ ಮಾಡು ಎಂದದ್ದು, ಆಮೇಲೆ ಲೆಕ್ಕ ಕೆಳಗೆ ಇಳಿದದ್ದು, ಎಲ್ಲವೂ ಒಮ್ಮೆಲೇ ತಿಳಿಯಿತು. ಐದು ಹೆಂಗಸರ ಭಾರವನ್ನು ಸೊನ್ನೆ ಎಂದು ಹಿಡಿದಿದ್ದರು. ಅಷ್ಟು ಭಾರ ಚನ್ನೇಶನ ತುಂಬಿದ ಗಾಡಿಯಲ್ಲಿ ಕಡಿಮೆಯಾಗಿತ್ತು. ಖಾಲಿ ಗಾಡಿ ಬರುವ ಹೊತ್ತಿಗೆ ತಾನೇ ಸರಿ ಮಾಡಿ ಕೂತಿದ್ದಳು.

ಇತ್ತ ಮಂದಿಯ ಮಾತು ಹೊರಳಿಬಿಟ್ಟಿತ್ತು. ಕಾಟಾ ಸರಿ ಇದೆಯಲ್ಲ, ಹಾಗಾದರೆ ತಪ್ಪಿದವನು ಚನ್ನೇಶನೇ, ಚೀಲ ಎಣಿಸಲು ಬಾರದವನು ಎಂದು ಗುಸುಗುಸು. ಚನ್ನೇಶ ಚೀಟಿಯನ್ನು ಮಡಚುತ್ತ ನೆಲ ನೋಡುತ್ತಿದ್ದ. ಪರಮೇಶಪ್ಪ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ.

"ತಂಗಿ, ಹೊಸ ಕಂಪ್ಯೂಟರಿಂದ ಹಿಂಗಾತು ಅಂತ ಹೇಳಿಬಿಡು. ಅವನ ಮೂರ್ ಕ್ವಿಂಟಲ್ ನಾ ಒಪ್ಪಿಕೊಳ್ತೇನಿ. ನಾಳೆ ಜಾಕೀರ ಹಳೇದು ಕುಂದರಸ್ತಾನ. ನಿನಗ ಯಾರೂ ಏನೂ ಅನ್ನೂದಿಲ್ಲ."

ಅವನು ಕೆಟ್ಟದ್ದಕ್ಕೆ ಹೇಳಿದವನಲ್ಲ. ಒಂದು ಗಳಿಗೆ ಆ ಮಾತು ಅವಳಿಗೂ ಹಿತವಾಗಿ ಕೇಳಿಸಿತು. ಯಂತ್ರಕ್ಕೇನು, ಬೈದರೆ ತಿರುಗಿ ಬೈಯುವುದಿಲ್ಲ. ಬಾಗಿಲಲ್ಲಿ ಜಾಕೀರ, ತಾನೇ ಏನೋ ಕೆಡಿಸಿದೆ ಎಂದುಕೊಂಡು ಮುಖ ಬಾಡಿಸಿಕೊಂಡು ನಿಂತಿದ್ದ. ಅವನನ್ನು ನೋಡಿದಾಗ ಸರೋಜವ್ವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಕಾಟಾದಿಂದ ಇಳಿಯದೆ, ಅಲ್ಲಿಂದಲೇ ಎಲ್ಲರಿಗೂ ಕೇಳುವಂತೆ ಮಾತಾಡಿದಳು.

"ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ. ಆ ಪೈಕಿ ನಾ ಅಲ್ಲ. ಮುಂಜಾನಿ ನಾವು ಐದು ಮಂದಿ ಇಲ್ಲಿ ನಿಂತಾಗ ಸೊನ್ನಿ ಮಾಡು ಅಂದಾಕಿ ನಾನ. ಜಾಕೀರ ಕೂಗಿದ್ದ, ಕಂಪ್ಯೂಟರೂ ಖರೇನ ಹೇಳಿತ್ತು. ನಾ ಇಬ್ಬರ ಮಾತೂ ಕೇಳಲಿಲ್ಲ. ಚನ್ನೇಶಂದು ಮೂರ್ ಕ್ವಿಂಟಲ್ ಖರೇ ಐತಿ. ತಪ್ಪು ನಂದು."

ಅವಳು ಒಳಗೆ ಹೋಗಿ ತನ್ನ ಕೈಯಿಂದಲೇ ತೂಕ ತಿದ್ದಿ, ಸಹಿ ಮಾಡಿ ಚೀಟಿ ಕೊಟ್ಟಳು. ಪರಮೇಶಪ್ಪ ಓದಿ ನೋಡಿ ಕಿಸೆಗೆ ಹಾಕಿಕೊಂಡ. ಇನ್ನು ಮೇಲೆ ಸೊನ್ನೆ ಮಾಡುವ ಮುಂಚೆ ಹಾಸಿನ ಮೇಲೆ ಏನಿದೆ ಎಂದು ಎದ್ದು ನೋಡಬೇಕು ಎಂದು ಅವಳು ತನಗೂ ಜಾಕೀರನಿಗೂ ಜೋರಾಗಿ ಹೇಳಿಕೊಂಡಳು. ಹಳೆಯ ವಿಂಡೋಸ್ ಮಾತನ್ನು ಯಾರೂ ಎತ್ತಲಿಲ್ಲ. ಹೋದ ಎರಡು ಟ್ರ್ಯಾಕ್ಟರುಗಳು ಮಾತ್ರ ಅವತ್ತು ತಿರುಗಿ ಬರಲಿಲ್ಲ, ಅದು ಅವಳಿಗೆ ಕೊರೆಯುತ್ತಲೇ ಇತ್ತು.

ಸಂಜೆ ಬಿಸಿಲು ಇಳಿಯುವಾಗ ಚನ್ನೇಶ ಎರಡನೇ ಲೋಡು ತಂದ. ಕಾಟಾ ಏರಿದ ಮೇಲೆ ಎಂಥ ನೆಚ್ಚಿನ ರೈತನೂ ಇಳಿದು ಬಂದು, ಕಿಟಕಿಯಲ್ಲಿ ಕತ್ತು ಹಾಕಿ ಅಂಕಿ ನೋಡದೆ ಇರುವುದಿಲ್ಲ. ಸರೋಜವ್ವ ಪರದೆಯನ್ನು ಅವನಿಗೆ ಕಾಣುವಂತೆ ತಿರುಗಿಸಿ ಕಾದಳು. ಚನ್ನೇಶ ಇಳಿಯಲಿಲ್ಲ. ಸ್ಟೇರಿಂಗ್ ಮೇಲೆ ಕೈ ಇಟ್ಟು ಮುಂದೆ ರಸ್ತೆ ನೋಡುತ್ತ ಕೂತಿದ್ದ.

"ಬಂದು ನೋಡಪಾ," ಎಂದಳು.

"ನೀ ನೋಡಿಯಲ್ಲಕ್ಕ," ಎಂದು ಚನ್ನೇಶ ಗಾಡಿ ಮುಂದೆ ಬಿಟ್ಟ.