ಸುಮತಿಯಕ್ಕನ ಮನೆ ಅಂಗಡಿಯಾದ ಕತೆ

ನಮ್ಮ ಪಕ್ಕದ ಮನೆಯ ಸುಮತಿಯಕ್ಕ ಇತ್ತೀಚೆಗೆ ಅಂಗಡಿಯ ಒಡತಿಯಾದರು. ತಮಾಷೆಯೆಂದರೆ, ಅದು ಅವರಿಗೇ ಗೊತ್ತಿರಲಿಲ್ಲ!

ಬೆಳ್ತಂಗಡಿ ತಾಲೂಕಿನ ಒಂದು ಮೂಲೆಯ ಊರು ನಮ್ಮದು. ಸುಮತಿಯಕ್ಕ ರವಿಕೆ ಹೊಲಿದೇ ಮನೆ ಕಟ್ಟಿಸಿದವರು. ಕಣ್ಣು ಮಂಜಾದ ಮೇಲೆ ಹೊಲಿಗೆ ಬಿಟ್ಟರು. ಈಗ ಮನೆ ತೆರಿಗೆಯ ನೋಟಿಸ್ ಹಿಡಿದುಕೊಂಡು ನಮ್ಮಲ್ಲಿಗೆ ಬಂದಿದ್ದರು.

"ಇದು ಎಂತದು ಮಾರಾಯ್ರೆ? ಹೋದ ವರ್ಷಕ್ಕಿಂತ ಇಷ್ಟು ಜಾಸ್ತಿ ಉಂಟಲ್ಲ?"

ಓದಿದೆ. ಮನೆಯ ಬಳಕೆ: ವಾಣಿಜ್ಯ. ಹೊಸ ಸರ್ವೆಗೆ ಬಂದವರು ಗೋಡೆಯ ಮೇಲೆ ಉಳಿದುಹೋಗಿದ್ದ ಹಳೆಯ 'ಲೇಡೀಸ್ ಟೈಲರ್' ಬೋರ್ಡ್ ನೋಡಿ, ರಸ್ತೆಯಿಂದಲೇ ಬರೆದುಕೊಂಡು ಹೋಗಿದ್ದರು. (ಒಳಗೆ ಬಂದಿದ್ದರೆ ಚಹಾನೂ ಸಿಗುತ್ತಿತ್ತು.)

ಮನೆ ತೆರಿಗೆಯೆಂದರೆ ಹಣೆಬರಹ ಎಂದುಕೊಂಡವರೇ ಹೆಚ್ಚು. ಹಾಗೇನಿಲ್ಲ. ಕಟ್ಟಡ ಎಷ್ಟು ದೊಡ್ಡದು, ಹಂಚಿನದೋ ತಾರಸಿಯೋ, ಎಷ್ಟು ಹಳೆಯದು, ವಾಸಕ್ಕೋ ವ್ಯಾಪಾರಕ್ಕೋ ಎಂದು ನೋಡಿ ಲೆಕ್ಕ ಹಾಕುತ್ತಾರೆ. ಬರೆದದ್ದು ತಪ್ಪಾದರೆ ಕೇಳಬಹುದು. ಕೇಳದಿದ್ದರೆ ಯಾರು ತಿದ್ದುತ್ತಾರೆ?

ಪಂಚಾಯತಿಗೆ ಹೋಗಿ ಅರ್ಜಿ ಕೊಟ್ಟೆವು. ಎರಡೇ ದಿನದಲ್ಲಿ ಬಿಲ್ ಕಲೆಕ್ಟರ್ ಟೇಪ್ ಹಿಡಿದು ಬಂದರು. ಪಾಪ, ಒಳ್ಳೆಯ ಮನುಷ್ಯ. ಮೂಲೆ ಸೇರಿದ್ದ ಹೊಲಿಗೆ ಮೆಷಿನ್ ನೋಡಿದರು, ಬಳಕೆಯ ಕಾಲಂನಲ್ಲಿ 'ವಾಸ' ಎಂದು ತಿದ್ದಿದರು. ಹಜಾರ, ಕೋಣೆ, ಅಡುಗೆಮನೆ ಅಳೆದು ಟೇಪ್ ಸುತ್ತಿಕೊಂಡರು.

"ನಿಲ್ಲಿ, ಹಿಂದೆ ಒಂದು ಕೋಣೆ ಉಂಟು. ಆಮೇಲೆ ಕಟ್ಟಿಸಿದ್ದು. ಅದನ್ನೂ ಅಳೆಯಿರಿ" ಎಂದರು ಸುಮತಿಯಕ್ಕ.

ನನಗೆ ಗಾಬರಿ. ಆ ಕೋಣೆ ಹಳೆಯ ದಾಖಲೆಯಲ್ಲೂ ಇರಲಿಲ್ಲ. "ಸುಮ್ಮನಿರಿ ಅಕ್ಕಾ, ಅವರು ಕೇಳಲೇ ಇಲ್ಲವಲ್ಲ" ಎಂದು ಪಿಸುಗುಟ್ಟಿದೆ.

ಅವರು ಜೋರಾಗಿಯೇ ಉತ್ತರಿಸಿದರು. "ಇಲ್ಲದ ಅಂಗಡಿ ಬರೆದದ್ದು ಅವರ ತಪ್ಪು. ಇದ್ದ ಕೋಣೆ ಅಡಗಿಸಿದ್ರೆ ಅದು ನನ್ನ ತಪ್ಪು. ನಾಳೆ ದಾರಿದೀಪ ಹಾಳಾದ್ರೆ ಇವರ ಹತ್ತಿರ ಜೋರು ಮಾಡ್ಲಿಕ್ಕೆ ನನಗೆ ಬಾಯಿ ಬೇಡ್ವಾ?"

ಬಿಲ್ ಕಲೆಕ್ಟರ್ ನಕ್ಕುಬಿಟ್ಟರು. ನಾನು ನೆಲ ನೋಡಿದೆ.

ಕೋಣೆ ಸೇರಿಸಿದರೂ ತೆರಿಗೆ ನೋಟಿಸಿನಲ್ಲಿದ್ದದ್ದಕ್ಕಿಂತ ಎಷ್ಟೋ ಕಡಿಮೆಯಾಯಿತು. ಗಡುವಿಗೆ ಮೊದಲೇ ಹಣ ಕಟ್ಟಿದ್ದಕ್ಕೆ ರಿಯಾಯಿತಿಯೂ ಸಿಕ್ಕಿತು. ರಶೀದಿ ಹಿಡಿದು ಪಂಚಾಯತಿಯ ಮೆಟ್ಟಿಲಿಳಿದ ಸುಮತಿಯಕ್ಕನ ನಡಿಗೆ ನೋಡಬೇಕಿತ್ತು. ಸಾಲ ತೀರಿಸಿದವರ ಹಾಗಲ್ಲ, ಮೊಕದ್ದಮೆ ಗೆದ್ದವರ ಹಾಗೆ!

ಅಂದಹಾಗೆ, ನಮ್ಮ ತಾರಸಿಯ ಮೇಲೂ ಒಂದು ಕೋಣೆ ಇದೆ. ಕಾಗದದಲ್ಲಿ ಇರಲಿಲ್ಲ. ನಿನ್ನೆ ಹೋಗಿ ಬರೆಸಿ ಬಂದೆ.

ನಿಮ್ಮ ಮನೆ ಕಾಗದದಲ್ಲಿ ಎಷ್ಟು ದೊಡ್ಡದಿದೆ, ಒಮ್ಮೆಯಾದರೂ ನೋಡಿದ್ದೀರಾ?