ಖಾಲಿ ಬಿಟ್ಟ ತಾರೀಖು

ಕಚೇರಿಯಲ್ಲಿ ಎಲ್ಲರೂ ಅವಳನ್ನು ತಾರೀಖಮ್ಮ ಅಂತಲೇ ಕರೆಯುತ್ತಿದ್ದರು. ಡೇಟಾಬೇಸಿನಲ್ಲಿ ದಿನ, ಗಂಟೆ, ನಿಮಿಷ ಎಲ್ಲಿ ಎಡವಿದರೂ ಆ ಕೆಲಸ ಅವಳ ಮೇಜಿಗೇ ಬರುತ್ತಿತ್ತು.

ಒಂದು ಬೆಳಗ್ಗೆ ಅನಾಥಾಲಯವೊಂದರಿಂದ ದೂರು ಬಂತು. ಮಾಹಿತಿಯನ್ನೆಲ್ಲ ಹೊಸ ವೆಬ್‌ಸೈಟಿಗೆ ಸಾಗಿಸಿದ ಮೇಲೆ ಮಕ್ಕಳ ಹುಟ್ಟಿದ ದಿನ ಒಂದೊಂದು ದಿನ ಹಿಂದಕ್ಕೆ ಸರಿದಿತ್ತು. ಅವಳು ಕೆಲಸಕ್ಕೆ ಕೂತಳು. ನಾಲ್ಕು ವರ್ಷದವರೆಗೆ ಅವಳು ಬೆಳೆದದ್ದು ಆ ಅನಾಥಾಲಯದಲ್ಲೇ. ಆಮೇಲೆ ಮಕ್ಕಳಿಲ್ಲದ ದರ್ಜಿ ದಂಪತಿ ಮನೆಗೆ ಕರೆದೊಯ್ದು ಮಗಳನ್ನಾಗಿ ಮಾಡಿಕೊಂಡಿದ್ದರು.

ತಪ್ಪು ಬೇಗ ಸಿಕ್ಕಿತು. ಹುಟ್ಟಿದ ದಿನದ ಜೊತೆ ಯಾರೋ ರಾತ್ರಿ ಹನ್ನೆರಡು ಗಂಟೆ ಅಂತ ಸಮಯವನ್ನೂ ಅಂಟಿಸಿದ್ದರು. ಸರ್ವರ್ ಇದ್ದದ್ದು ದೂರದ ದೇಶದಲ್ಲಿ. ಅಲ್ಲಿನ ಗಡಿಯಾರಕ್ಕೆ ಅದಿನ್ನೂ ಹಿಂದಿನ ದಿನವೇ. ಹುಟ್ಟಿದ ದಿನಕ್ಕೆ ಗಂಟೆ ಬೇಡ ಎಂದು ಅವಳು ಆ ಕಾಲಂ ಅನ್ನೇ ಬದಲಿಸಿದಳು. ಎಲ್ಲ ಸರಿಹೋಯಿತು. ಆದರೆ ಪರೀಕ್ಷಿಸುವಾಗ ನೋಡಿದರೆ, ಇನ್ನೂರಕ್ಕೂ ಹೆಚ್ಚು ಮಕ್ಕಳು ಜನವರಿ ಒಂದಕ್ಕೇ ಹುಟ್ಟಿದ್ದರು. ಅವಳೂ ಅವರಲ್ಲೊಬ್ಬಳು. ಪ್ರತಿ ವರ್ಷ ಆ ದಿನ ಅಮ್ಮ ಹೊಸ ಬಟ್ಟೆ ಹೊಲಿದು ಕೊಡುತ್ತಿದ್ದಳು.

ಮರುದಿನ ಅನಾಥಾಲಯದ ಹಳೆಯ ಗುಮಾಸ್ತೆಯ ಮನೆ ಹುಡುಕಿಕೊಂಡು ಹೋದಳು. ಎಲ್ಲರಿಗೂ ಜನವರಿ ಒಂದೇ ಯಾಕೆ ಎಂದು ಕೇಳಿದಾಗ ಅಜ್ಜಿ ಕನ್ನಡಕ ಒರೆಸಿಕೊಂಡರು.

"ಗೊತ್ತಿಲ್ಲ ಅಂತ ಹಾಕಿದ್ರೆ ಕಂಪ್ಯೂಟರ್ ಒಪ್ತಿರಲಿಲ್ಲಮ್ಮ. ಖಾಲಿ ಬಿಟ್ರೆ ಮುಂದಕ್ಕೇ ಹೋಗ್ತಿರಲಿಲ್ಲ. ಏನೋ ಒಂದು ಹಾಕ್ಬೇಕಿತ್ತಲ್ಲ."

ನಿಜವಾಗಿ ಗೊತ್ತಿದ್ದದ್ದನ್ನು ದಾಖಲೆ ಪುಸ್ತಕದಲ್ಲಿ ಬರೆದಿದ್ದೇನೆ, ಅದು ಅನಾಥಾಲಯದ ಉಗ್ರಾಣದ ಬೀರುವಿನಲ್ಲಿದೆ ಎಂದರು.

ಪುಸ್ತಕ ಅಲ್ಲೇ ಇತ್ತು. ಅವಳ ಪಾಲಿಗೆ ಒಂದೇ ಸಾಲು: ಮಾರ್ಚ್ ಹದಿನಾಲ್ಕು, ಬೆಳಗ್ಗೆ ಸಿಕ್ಕ ಮಗು. ಹೆಣ್ಣು. ಹೊಕ್ಕಳ ಬಳ್ಳಿ ಇನ್ನೂ ಬಿದ್ದಿಲ್ಲ. ಮೈಮೇಲೆ ಕೈಯಲ್ಲಿ ಹೆಣೆದ ಹಳದಿ ಸ್ವೆಟರು.

ಬಳ್ಳಿ ಬಿದ್ದಿರಲಿಲ್ಲವೆಂದರೆ ಹುಟ್ಟಿ ಬಹುಶಃ ಒಂದು ವಾರಕ್ಕಿಂತ ಹೆಚ್ಚಾಗಿರಲಿಲ್ಲ. ಸ್ವೆಟರು ಹೆಣೆಯಲು ಅದಕ್ಕಿಂತ ಹೆಚ್ಚು ದಿನ ಬೇಕು. ಯಾರೋ ಮೊದಲೇ ಕೂತು ಅವಳಿಗಾಗಿ ಹೆಣೆದಿದ್ದರು. ಅವಳು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ನಿಂತೇ ಇದ್ದಳು.

ಮೂರು ವಾರ ಕೂತು ಇನ್ನೂರು ಚಿಲ್ಲರೆ ಮಕ್ಕಳ ದಾಖಲೆಯನ್ನೂ ಪುಸ್ತಕ ನೋಡಿ ತಿದ್ದಿದಳು. ಹುಟ್ಟಿದ ದಿನವನ್ನು ಖಾಲಿ ಬಿಡಲು ಬರುವಂತೆ ಮಾಡಿದಳು. ಪಕ್ಕದಲ್ಲಿ ಅಂದಾಜಿಗೆ ಎರಡು ಕಾಲಂ ಕೊಟ್ಟಳು: ಇಂಥ ದಿನದಿಂದ, ಇಂಥ ದಿನದವರೆಗೆ. ತನ್ನದಕ್ಕೆ ಮಾರ್ಚ್ ಏಳು, ಮಾರ್ಚ್ ಹದಿನಾಲ್ಕು ಎಂದು ತುಂಬಿದಳು.

ವಿಷಯ ಕೇಳಿ ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಿದಳು.

"ಹಾಗಾದ್ರೆ ಯಾವತ್ತು ಅಂತ ಇಟ್ಕೊಳ್ಳೋಣ ಮಗಳೇ?"

"ಸದ್ಯಕ್ಕೆ ಖಾಲಿ ಇರ್ಲಿ ಅಮ್ಮ. ಗೊತ್ತಿರೋಳು ಎಲ್ಲೋ ಒಬ್ಬಳು ಇದ್ದಾಳೆ."

ಅಮ್ಮ ಅವಳ ತಲೆ ಸವರಿದಳು.

ಆ ವರ್ಷ ಮಾರ್ಚಿನ ಆ ಎಂಟೂ ಸಂಜೆ ಅವಳು ಒಂದು ಸ್ಟಾಪು ಮೊದಲೇ ಬಸ್ಸಿಳಿದು ನಡೆದಳು. ಎದುರಿಗೆ ಬರುವ, ಹೆತ್ತವಳ ವಯಸ್ಸಿರಬಹುದಾದ ಐವತ್ತು ದಾಟಿದ ಹೆಂಗಸರ ಮುಖ ನೋಡುತ್ತ ಹೋದಳು. ಯಾರನ್ನೂ ಏನೂ ಕೇಳಲಿಲ್ಲ.